ಶಮೀಮಳ ಫಾರಂನಲ್ಲಿ ನಾನು ಬರೆದ ಹೊಟ್ಟೆನೋವು

ಹೋದ ವಾರ ಆಸ್ಪತ್ರೆಯ ವಿಮೆ ಕೌಂಟರಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಗಾಂಧಿನಗರದ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ನೋಟ್‌ಬುಕ್ಕು, ಪೆನ್ನು. "ಅಕ್ಕಾ, ನೀವು ಅಷ್ಟು ವರ್ಷ ಅಲ್ಲೇ ಕುಂತೋರು. ಕೆಲಸ ಹೆಂಗ ಮಾಡ್ಬೇಕು ಸ್ವಲ್ಪ ಹೇಳ್ರಿ" ಅಂದರು. ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಾ ಕೊಟ್ಟು ಒಂದು ತಾಸು ಮಾತಾಡಿದೆ. ಖುಷಿಯಾಗಿ ಹೋದರು. ಅವರು ಗೇಟು ದಾಟಿದ ಮೇಲೆ ನನಗೆ ಹೊಳೆಯಿತು, ಹೇಳಲೇಬೇಕಾದ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ್ದೆ. ಬಾಯಿ ಬರಲಿಲ್ಲ, ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಸುಶೀಲಾ. ತವರು ಕುರುಗೋಡು. ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೊದಲು ಚೀಟಿ ಬರೆಯುವ ಕಿಟಕಿಯಲ್ಲಿದ್ದೆ, ಆಮೇಲೆ ವಿಮೆ ಕೌಂಟರಿಗೆ ಬಂದೆ. ಬಡ್ತಿ ಗಿಡ್ತಿ ಏನು ಬಂತು ಅಂತ ಯಾರೂ ಕೇಳಬೇಡಿ. ಜನ ನಮ್ಮ ಮುಂದೆ ನಿಂತು ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ನಮ್ಮ ಕಾರ್ಡ್ ನಡೀತೈತೇನ್ರಿ?" ಕಾರ್ಡು ಅಂದರೆ ವಿಮೆ ಕಂಪನಿಯವರು ಕೊಟ್ಟ ಕಾರ್ಡು. ಆ ರೋಗಕ್ಕೆ, ಆ ಆಸ್ಪತ್ರೆಯಲ್ಲಿ, ಆ ಪಾಲಿಸಿಯ ಮೇಲೆ ಖರ್ಚು ಸಿಗುತ್ತದೋ ಇಲ್ಲವೋ ಅಂತ ವಿಚಾರಿಸಿ ಹೇಳುವುದೇ ನಮ್ಮ ಕೆಲಸ. ನಾನು ಸೇರಿದಾಗ ಫಾರಂ ತುಂಬಿ ಫ್ಯಾಕ್ಸ್ ಹಾಕಿ, "ಬಂತೇನ್ರಿ, ಅಕ್ಷರ ಕಾಣ್ತಾವೇನ್ರಿ" ಅಂತ ಫೋನಿನಲ್ಲಿ ಕಿರುಚಬೇಕಿತ್ತು. ಆಮೇಲೆ ಕಂಪ್ಯೂಟರ್ ಬಂತು. ಮೆಷಿನ್ನು ಬದಲಾದಷ್ಟು ಬೇಗ ನಮ್ಮ ತಲೆ ಬದಲಾಗಲಿಲ್ಲ, ಅದೇ ಗ್ರಹಚಾರ.

ಮನಸ್ಸಿನ ಕಾಯಿಲೆ ವಿಷಯದಲ್ಲಂತೂ ನಾವು ಶುದ್ಧ ದಡ್ಡರು. ನಾನು ಮಾಡಿದ ಮೊದಲ ಎಡವಟ್ಟು ಕೇಳಿ. ನಮ್ಮೂರು ಕುರುಗೋಡಿನ ಮೇಷ್ಟ್ರು ಒಬ್ಬರು ಬಂದರು. ನನಗೆ ಮೂರನೇ ಇಯತ್ತೆಯಲ್ಲಿ ಮಗ್ಗಿ ಕಲಿಸಿದವರು. ಅವರ ಹೆಂಡತಿ ತನ್ನ ತಂಗಿ ಸತ್ತ ಮೇಲೆ ಒಂದೇ ಸಮನೆ ಅಳುತ್ತಿದ್ದರಂತೆ. "ಮನಸ್ಸಿಂದು ನೋಡೋರು ಇಲ್ಲಿ ಯಾರದಾರವ್ವ?" ಅಂತ ಕೇಳಿದರು. ಆಸ್ಪತ್ರೆಗೆ ಬರುವ ದಾರಿಯಲ್ಲಿ ದಿನಾ ಕಾಣುತ್ತಿದ್ದ ಒಂದು ಬೋರ್ಡು ನನಗೆ ನೆನಪಾಯಿತು. ಮನಃಶಾಂತಿ ಅಂತ ಏನೋ ಬರೆದಿತ್ತು, ಕೆಳಗೆ ಡಾಕ್ಟರ್ ಅಂತಲೂ ಇತ್ತು. "ಅಲ್ಲಿಗೆ ಹೋಗ್ರಿ ಸಾರ್" ಅಂದೆ. ಅಷ್ಟೇ ನನ್ನ ವಿಚಾರಣೆ!

ಒಂದು ತಿಂಗಳಿಗೆ ಮೇಷ್ಟ್ರು ವಾಪಸ್ ಬಂದರು. ಕೈಚೀಲದಿಂದ ಎರಡು ಬಾಟ್ಲಿ ಟಾನಿಕ್ಕು, ಒಂದು ತಾಮ್ರದ ಉಂಗುರ ತೆಗೆದು ನನ್ನ ಕೌಂಟರ್ ಮೇಲಿಟ್ಟರು. ಆ ಮಹಾನುಭಾವ ಮೂರು ತಿಂಗಳ ಯಾವುದೋ ಕೋರ್ಸು ಮಾಡಿ ಬೋರ್ಡು ಹಾಕಿಕೊಂಡವನು. "ರಕ್ತದೊತ್ತಡದ ಗುಳಿಗಿ ಬಿಡ್ರಿ, ಮನಸ್ಸು ತಿಳಿಯಾಗ್ತೈತಿ" ಅಂದನಂತೆ. ಗುಳಿಗೆ ಬಿಟ್ಟ ಆ ತಾಯಿ ಬಸ್ ಸ್ಟ್ಯಾಂಡಿನಲ್ಲಿ ತಲೆತಿರುಗಿ ಬಿದ್ದು, ಪುಣ್ಯಕ್ಕೆ ಉಳಿದಿದ್ದರು. ನಾನು ಹೌಹಾರಿಬಿಟ್ಟೆ. ಮೇಷ್ಟ್ರು ಬೈಯಲಿಲ್ಲ. "ನೀನು ಹೇಳಿದಿ ಅಂತ ಹೋದ್ವಿ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಕಲಿತೆ. ಮನೋವೈದ್ಯರು ಬೇರೆ, ಅವರು ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಬೇರೆ, ಅವರು ಪರೀಕ್ಷೆ ಮಾಡಿ, ಕೂತು ಮಾತಾಡಿಸಿ ಗುಣ ಮಾಡುತ್ತಾರೆ, ಗುಳಿಗೆ ಬರೆಯುವುದಿಲ್ಲ. ಇಬ್ಬರಿಗೂ ನೋಂದಣಿ ಸಂಖ್ಯೆ ಇರುತ್ತದೆ. "ಸಾರ್, ನಿಮ್ಮ ನೋಂದಣಿ ನಂಬರ್ ಹೇಳ್ರಿ" ಅಂತ ಕೇಳಲು ನಾಚಿಕೆ ಪಡಬೇಡಿ. ಅಸಲಿ ಇದ್ದವರು ತಟ್ಟಂತ ಹೇಳುತ್ತಾರೆ, ನಕಲಿ ಇದ್ದವರು ಸಿಟ್ಟಿಗೇಳುತ್ತಾರೆ. ನಾನೇ ಬಿಸಿಲಲ್ಲಿ ಊರೆಲ್ಲ ಸುತ್ತಿ, ಯಾರು ಎಲ್ಲಿ ಯಾವ ದಿನ ಕೂತಿರುತ್ತಾರೆ ಅಂತ ಒಂದು ವಹಿಯಲ್ಲಿ ಬರೆದುಕೊಂಡೆ. ಸರಕಾರಿ ಆಸ್ಪತ್ರೆಯಲ್ಲೂ ಮನೋರೋಗ ವಿಭಾಗ ಇದೆ ಅಂತ ನನಗೆ ಗೊತ್ತಾದದ್ದು ಆಗಲೇ. ಬಳ್ಳಾರಿಯಲ್ಲೇ ಹುಟ್ಟಿ ಬೆಳೆದವರಿಗೂ ಗೊತ್ತಿರಲಿಲ್ಲ! ಮುಂದೆ ನಮ್ಮ ಆಸ್ಪತ್ರೆಗೇ ಪ್ರತಿ ಬುಧವಾರ ನಿರ್ಮಲಾ ಮೇಡಂ ಅಂತ ಒಬ್ಬ ಸೈಕಾಲಜಿಸ್ಟ್ ಬರತೊಡಗಿದರು. ಆ ಕಡೆಯ ಚಿಂತೆ ಮುಗಿಯಿತು ಅಂದುಕೊಂಡೆ.

ವಿಮೆ ಕಡೆಯ ಚಿಂತೆಗೆ ನಮ್ಮ ಕೌಂಟರಿನಲ್ಲಿ ಒಂದು ಪದ್ಧತಿಯಿತ್ತು. ಅದನ್ನು ನಾವು ನಾವೇ "ಮರ್ಯಾದಿ ಬರಿಯೋದು" ಅನ್ನುತ್ತಿದ್ದೆವು. ಫಾರಂನಲ್ಲಿ ರೋಗದ ಹೆಸರು ಬರೆಯುವ ಜಾಗ ಇರುತ್ತದಲ್ಲ, ಅಲ್ಲಿ ಮನಸ್ಸಿನ ಕಾಯಿಲೆಯವರಿಗೆ ಬೇರೆ ಏನಾದರೂ ಬರೆಯುವುದು. ತಲೆನೋವು, ನಿಶ್ಶಕ್ತಿ, ಹೊಟ್ಟೆನೋವು. ಮನೆಯವರೇ ಕೈಮುಗಿದು ಕೇಳುತ್ತಿದ್ದರು. ನಮ್ಮ ಬಿಲ್ಲಿಂಗ್ ಮುಖ್ಯಸ್ಥ ಬಸವರಾಜ ಸಾರ್ ಗಡಿಯ ಆಚೆಯ ತೆಲುಗಿನವರು, "ಪರ್ವಾಲೇದು, ಬರಿ ಸುಶೀಲಮ್ಮಾ" ಅನ್ನುತ್ತಿದ್ದರು. ಮನಸ್ಸಿನ ರೋಗಕ್ಕೆ ವಿಮೆ ಕೊಡುವುದಿಲ್ಲ ಅಂತ ನಾನು ಸೇರಿದ ಹೊಸದರಲ್ಲಿ ಯಾರೋ ಹೇಳಿದ್ದರು. ಅದು ನನ್ನ ತಲೆಯಲ್ಲಿ ಕಲ್ಲಿನ ಮೇಲೆ ಕೊರೆದಂತೆ ಕೂತಿತ್ತು. ಸುಳ್ಳು ಬರೆಯುತ್ತಿದ್ದೇನೆ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ ನಾನು!

ನಿವೃತ್ತಿಗೆ ಒಂದೂವರೆ ವರ್ಷ ಇರುವಾಗ ಸಿರುಗುಪ್ಪದಿಂದ ಖಾಸೀಂ ಬಂದ. ಟ್ರ್ಯಾಕ್ಟರ್ ಬಿಡಿಭಾಗಗಳ ಸಣ್ಣ ಅಂಗಡಿ ಇಟ್ಟವನು. ಜೊತೆಗೆ ಅವನ ತಾಯಿ ಮಾಬುನ್ನಿ, ತೋಳಲ್ಲಿ ಮೂರು ತಿಂಗಳ ಕೂಸು. ಹಿಂದೆ ಅವನ ಹೆಂಡತಿ ಶಮೀಮ್. ಇಪ್ಪತ್ತೈದು ವರ್ಷ ಇರಬಹುದು. ಕುರ್ಚಿ ತೋರಿಸಿದರೆ ಕೂತಳು, ಯಾರಾದರೂ ಏಳು ಅನ್ನುವ ತನಕ ಏಳಲಿಲ್ಲ. ಕೂಸು ಅತ್ತರೆ ಎಲ್ಲರೂ ತಿರುಗಿ ನೋಡಿದರು, ಅವಳೊಬ್ಬಳು ನೋಡಲಿಲ್ಲ.

"ಹೆರಿಗಿ ಆದಾಗಿಂದ ಹಿಂಗ ಅಕ್ಕಾ" ಅಂದ ಖಾಸೀಂ. "ನಿದ್ದಿ ಇಲ್ಲ, ಊಟ ಇಲ್ಲ. ನಾನಿಲ್ಲದಿದ್ರ ಕೂಸು ಚೊಲೊ ಇರ್ತೈತಿ ಅಂತಾಳ."

ನೋಡಿದ ಡಾಕ್ಟರು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದು, ಆಯಾ ಕೈಲಿ ನೇರ ನನಗೇ ಕಳಿಸಿದ್ದರು: ಹೆರಿಗೆಯ ನಂತರದ ಖಿನ್ನತೆ, ಜೀವಕ್ಕೆ ಅಪಾಯ ಉಂಟು, ಒಳರೋಗಿಯಾಗಿ ಸೇರಿಸಿ, ಒಬ್ಬಳನ್ನೇ ಬಿಡಬೇಡಿ, ಬುಧವಾರ ನಿರ್ಮಲಾ ಮೇಡಂ ನೋಡಲೇಬೇಕು. ಅವತ್ತು ಸೋಮವಾರ.

ಖಾಸೀಂ ಕಾರ್ಡು ಮುಂದೆ ಹಿಡಿದ. "ನಡೀತೈತೇನ್ರಿ?"

"ಹಿಂಗs ಬರದ್ರ ನಡ್ಯಾದಿಲ್ಲಪ್ಪ" ಅಂದೆ. ಫೋನ್ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ.

ಮಾಬುನ್ನಿ ನನ್ನ ಕೈ ಹಿಡಿದುಕೊಂಡಳು. "ಯವ್ವಾ, ಅದನ್ನ ಬರೀಬ್ಯಾಡ್ರಿ. ನನ್ನ ಮಗಳು ನಾಜ್ನೀನ್‌ದು ಮದುವಿ ಮಾತುಕತಿ ನಡದೈತಿ. ಸೊಸಿ ತಲಿ ಸರಿ ಇಲ್ಲ ಅಂತ ಊರಾಗ ಗೊತ್ತಾದ್ರ ಆ ಹುಡುಗಿನ ಯಾರ್ ತಗಂತಾರ? ನಿಮಗೂ ಹೆಣ್ಣುಮಕ್ಕಳಿರಬೇಕಲ್ಲ."

ಫಾರಂ ಎಳೆದುಕೊಂಡು "ತೀವ್ರ ಹೊಟ್ಟೆನೋವು, ನಿಶ್ಶಕ್ತಿ" ಅಂತ ದುಂಡಗೆ ಬರೆದೆ. ಫಾರಂ ಒಂದು ಹೇಳಿ ಚೀಟಿ ಇನ್ನೊಂದು ಹೇಳಿದರೆ ಕಂಪನಿಯವರು ಹಿಡಿಯುತ್ತಾರಲ್ಲ, ಅದಕ್ಕೆ ಡಾಕ್ಟರ ಚೀಟಿಯನ್ನು ಫೈಲಿಗೆ ಹಾಕದೆ ನನ್ನ ಡ್ರಾಯರಿನಲ್ಲಿಟ್ಟೆ. ವಾರ್ಡಿನವರಿಗೂ ನಿರ್ಮಲಾ ಮೇಡಂಗೂ ಬಾಯಿಮಾತಲ್ಲಿ ಹೇಳಿದರಾಯಿತು ಅನ್ನುವುದು ನಮ್ಮ ವಾಡಿಕೆ. "ನೀವು ವಾರ್ಡಿನ್ಯಾಗ ಏನೂ ಬಾಯಿ ಬಿಡಬ್ಯಾಡ್ರಿ, ನಾನs ಹೇಳ್ತೀನಿ" ಅಂತ ಮನೆಯವರಿಗೆ ಹೇಳಿ ಕಳಿಸಿದೆ. ಸಂಜೆಯೊಳಗೆ ಮಂಜೂರಾತಿ ಬಂತು. ಮಾಬುನ್ನಿ ನನ್ನ ತಲೆ ಸವರಿ ದುವಾ ಮಾಡಿದಳು. ಶಮೀಮ್ ಮಾತ್ರ ಗಾಲಿಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

ಮಂಗಳವಾರ ಇಡೀ ದಿನ ಕೌಂಟರಿನಲ್ಲಿ ಜಾತ್ರೆಯಂಥ ಗದ್ದಲ, ಕತ್ತು ಎತ್ತಲು ಆಗಲಿಲ್ಲ. ಬುಧವಾರ ಕುರುಗೋಡಿನಲ್ಲಿ ನನ್ನ ಅಣ್ಣನ ಮಗಳ ಸೀಮಂತ, ರಜೆ ಹಾಕಿದ್ದೆ. ಹೋಗಿ ಹೋಳಿಗೆ ಉಂಡು, ಹಾಡು ಹೇಳಿ, ಬಸುರಿ ಹುಡುಗಿಗೆ ಬಳೆ ತೊಡಿಸಿ ಬಂದೆ. ಶಮೀಮಳ ನೆನಪು ಒಂದು ಸಲವೂ ಬರಲಿಲ್ಲ.

ಗುರುವಾರ ಬೆಳಿಗ್ಗೆ ಸೀಲು ಹುಡುಕಲು ಡ್ರಾಯರ್ ಎಳೆದೆ. ಚೀಟಿ ಮೇಲೆಯೇ ಇತ್ತು. ವಾರ್ಡಿಗೆ ಓಡಿದೆ, ಮಂಚದ ಮೇಲೆ ಬೇರೆ ಯಾರೋ ಮುದುಕಿ ಮಲಗಿದ್ದಳು. ಚೀಟಿ ಬರೆದ ಡಾಕ್ಟರು ಮಂಗಳವಾರವೇ ಪರ ಊರಿಗೆ ಹೋಗಿದ್ದರು. ವಾರ್ಡಿನ ಹೊಸ ಡಾಕ್ಟರು ಫೈಲು ನೋಡಿ ಹೊಟ್ಟೆಗೆ ಔಷಧಿ ಕೊಟ್ಟು, ಬುಧವಾರ ಮಧ್ಯಾಹ್ನ ಕಳಿಸಿಬಿಟ್ಟಿದ್ದರು. ನಿರ್ಮಲಾ ಮೇಡಂ ನೋಡಬೇಕಾದವರ ಪಟ್ಟಿ ಫೈಲಿನಲ್ಲಿರುವ ರೋಗದ ಹೆಸರು ನೋಡಿಯೇ ತಯಾರಾಗುವುದು. ಹೊಟ್ಟೆನೋವಿನವಳ ಹೆಸರು ಅದರಲ್ಲಿ ಹೆಂಗೆ ಬರಬೇಕು?

ಖಾಸೀಂಗೆ ಫೋನ್ ಹಚ್ಚಿದೆ. "ಏ, ಆರಾಮ ಅದಾಳ ಅಕ್ಕಾ! ಡಾಕ್ಟ್ರು ಏನೂ ಇಲ್ಲ ಅಂತ ಕಳಿಸ್ಯಾರ. ನಿನ್ನಿ ಸಂಜಿಯಿಂದ ಮನಿ ಕೆಲಸನೂ ಮಾಡಾಕ ಹತ್ಯಾಳ" ಅಂದ.

"ಮೇಡಂ ಇನ್ನೂ ನೋಡಿಲ್ಲಪ್ಪ. ಅವರನ್ನ ನಾನು ಕರಸ್ತೀನಿ, ಇವತ್ತೇ ಕರ್ಕಂಡು ಬಾ."

"ಅಂಗಡ್ಯಾಗ ಯಾರಿಲ್ಲ ಅಕ್ಕಾ. ಸೋಮವಾರ ಗ್ಯಾರಂಟಿ ಬರ್ತೀವಿ."

ಬಸವರಾಜ ಸಾರಿಗೆ ಹೇಳಿದೆ. "ಪರ್ವಾಲೇದು, ಸೋಮವಾರ ಬರ್ತಾರಲ್ಲ" ಅಂದರು. ನಾನೂ ಸುಮ್ಮನಾದೆ. ಸಿರುಗುಪ್ಪಕ್ಕೆ ತಾಸಿಗೆರಡು ಬಸ್ಸು ಇದ್ದವು, ಹತ್ತಬಹುದಿತ್ತು. "ಜೀವಕ್ಕೆ ಅಪಾಯ ಉಂಟು" ಅಂತ ಆ ಚೀಟಿಯಲ್ಲಿದ್ದದ್ದನ್ನು ಖಾಸೀಂಗೆ ಓದಿಯಾದರೂ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ, ಯಾಕಂದರೆ ಹೇಳಿದರೆ ಚೀಟಿ ನನ್ನ ಡ್ರಾಯರಿಗೆ ಹೆಂಗೆ ಬಂತು ಅಂತಲೂ ಹೇಳಬೇಕಾಗುತ್ತಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

ಶನಿವಾರ ಹನ್ನೊಂದು ಗಂಟೆಗೆ ಖಾಸೀಂನ ಫೋನು. ಮೊದಲು ಬರೀ ಅಕ್ಕಾ ಅಕ್ಕಾ ಅನ್ನುತ್ತಿದ್ದ. ಬೆಳಿಗ್ಗೆ ಶಮೀಮ್ ಕೂಸಿನ ಬಟ್ಟೆಗಳನ್ನೆಲ್ಲ ಒಗೆದು, ಮಡಿಚಿ, ತೊಟ್ಟಿಲ ಪಕ್ಕ ಸಾಲಾಗಿ ಇಟ್ಟಿದ್ದಳು. ಹಾಲಿನ ಬಾಟ್ಲಿ ತುಂಬಿ ಇಟ್ಟಿದ್ದಳು. ಆಮೇಲೆ ಚಪ್ಪಲಿ ಇಲ್ಲದೆ ಕಾಲುವೆ ಕಡೆ ನಡೆದು ಹೋಗಿದ್ದಳು. ಅಲ್ಲಿ ಭತ್ತ ನಾಟಿ ಮಾಡುತ್ತಿದ್ದ ಹೆಂಗಸರಲ್ಲಿ ಒಬ್ಬಾಕಿಗೆ, ಏರಿ ಮೇಲೆ ಇಷ್ಟೊತ್ತು ಒಬ್ಬಳೇ ನಿಂತಿರುವ ಈ ಹುಡುಗಿ ಯಾರು ಅಂತ ಅನುಮಾನ ಬಂತು. ಕೆಸರು ಕೈಯಲ್ಲೇ ಓಡಿ ಬಂದು ರಟ್ಟೆ ಹಿಡಿದು ಕೂರಿಸಿಕೊಂಡಳು. "ಯಾರ ಮನಿ ಮಗಳವ್ವಾ ನೀನು?" ಅಂತ ಕೇಳುತ್ತಾ, ಮನೆಯವರು ಬರುವ ತನಕ ಹಿಡಿದ ಕೈ ಬಿಡಲಿಲ್ಲವಂತೆ.

ಶಮೀಮ್ ಉಳಿದಿದ್ದಳು. ನಾನು ಮಾತ್ರ ಫೋನನ್ನು ಇನ್ನೂ ಕಿವಿಗೇ ಹಿಡಿದಿದ್ದೆ. ಎದುರಿಗಿದ್ದವರು "ಕಾರ್ಡ್ ನಡೀತೈತೇನ್ರಿ" ಅಂತ ಮೂರು ಸಲ ಕೇಳಿದರಂತೆ, ನನಗೆ ಕೇಳಿಸಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳನ್ನು ಕರೆದುಕೊಂಡು ಬಂದರು. ನಾನು ನಿರ್ಮಲಾ ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದರು, ಜೊತೆಗೆ ಮನೋವೈದ್ಯರನ್ನೂ ಕರೆಸಿದರು. ಶಮೀಮಳ ಹತ್ತಿರ ಬಹಳ ಹೊತ್ತು ಕೂತು ಹೊರಗೆ ಬಂದವರು ನನ್ನ ಮುಂದೆ ನಿಂತರು.

"ಸುಶೀಲಮ್ಮ, ಬುಧವಾರ ನಾನು ಅದೇ ವಾರ್ಡಿಗೆ ಬಂದಿದ್ದೆ. ಇವಳ ಪಕ್ಕದ ಮಂಚದವರ ಜೊತೆ ಅರ್ಧ ಗಂಟೆ ಮಾತಾಡಿದೆ. ಇವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನನಗೆ ಗೊತ್ತಿದ್ದರೆ ಎರಡು ಹೆಜ್ಜೆ ಅಷ್ಟೇ ಇತ್ತು" ಅಂದರು.

ಖಾಸೀಂನ ಮುಂದೆ ನಿಂತು ತಪ್ಪು ನನ್ನದು ಅಂದೆ, ಚೀಟಿ ತೋರಿಸಿದೆ. ಅವನು ಓದಿ, ಮತ್ತೆ ಓದಿ, "ನಾವs ಕೇಳಿದ್ವಲ್ಲ ಅಕ್ಕಾ" ಅಂದ. ಅವರು ಕೇಳಿದ್ದು ನಿಜ. ಆದರೆ ತಿಳಿದವಳು ಅಂತ ಕೌಂಟರಿನ ಈ ಕಡೆ ಕೂತವಳು ನಾನು.

ಈಗ ಸರಿಯಾಗಿ ಚಿಕಿತ್ಸೆ ಆಗಬೇಕಾದರೆ ಎರಡು ವಾರವಾದರೂ ಸೇರಿಸಬೇಕಿತ್ತು. ಮತ್ತೆ ಅದೇ ಪ್ರಶ್ನೆ, ಕಾರ್ಡ್ ನಡೆಯುತ್ತದೋ ಇಲ್ಲವೋ. ನಡೆಯದಿದ್ದರೆ ನನ್ನ ಬಳೆ ಮಾರಿಯಾದರೂ ಸೇರಿಸುವುದು ಅಂತ ನಿಶ್ಚಯಿಸಿ, ಹೆಸರಿಗೆ ಒಂದು ಮಾತು ಕೇಳೋಣ ಅಂತ ಕಂಪನಿಗೆ ಫೋನ್ ಮಾಡಿದೆ. ಸೋಮವಾರ ಮಾಡಬೇಕಾಗಿದ್ದ ಫೋನು! ಪಾಲಿಸಿ ನಂಬರ್ ಕೊಟ್ಟು, "ಮನಸ್ಸಿನ ಕಾಯಿಲೆಗೆ ಒಳರೋಗಿಯಾಗಿ ಸೇರಿದರೆ ಸಿಗುತ್ತದೇನಮ್ಮಾ?" ಅಂದೆ.

ಆ ಕಡೆಯ ಹುಡುಗಿ ಕೀಲಿಮಣೆ ಕುಟ್ಟಿ, "ಸಿಗುತ್ತೆ ಮೇಡಂ. ಬೇರೆ ಕಾಯಿಲೆಗಳ ಹಾಗೇನೇ. ನಿಮ್ಮ ಆಸ್ಪತ್ರೆ ನಮ್ಮ ಪಟ್ಟಿಯಲ್ಲಿದೆ. ಹೊರರೋಗಿಯಾಗಿ ಬಂದು ಹೋಗೋದಕ್ಕೆ ಮಾತ್ರ ಈ ಪಾಲಿಸಿಯಲ್ಲಿ ಇಲ್ಲ" ಅಂದಳು.

"ಯಾವಾಗಿಂದ ಸಿಗುತ್ತಮ್ಮಾ?"

"ತುಂಬಾ ವರ್ಷ ಆಯ್ತಲ್ಲ ಮೇಡಂ, ಕಾಯ್ದೆನೇ ಬಂದಿದೆ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ಎರಡು ನಿಮಿಷದ ಮಾತು. ತುಂಬಾ ವರ್ಷ ಆಯ್ತು ಅಂತೆ! ಅಂದರೆ ಕಾಯ್ದೆ ಬಂದ ಮೇಲೆ ನಾನು ಬರೆದ ಅಷ್ಟೂ ಸುಳ್ಳಿಗೆ ಕಾರಣವೇ ಇರಲಿಲ್ಲ. ಎಷ್ಟು ಜನರ ಫೈಲಿನಲ್ಲಿ ತಲೆನೋವು ಅಂತ ಬರೆದೆನೋ, ಅವರೆಲ್ಲ ಈಗ ಎಲ್ಲಿದ್ದಾರೋ, ಹೇಗಿದ್ದಾರೋ.

ಹುಡುಗಿಯರಾ, ಒಂದೇ ಸಲ ಹೇಳುತ್ತೇನೆ, ಬರೆದುಕೊಳ್ಳಿ. ಕೇಳದೆ ಇಲ್ಲ ಅನ್ನಬೇಡಿ. ಪ್ರತಿ ಸಲ ಫೋನ್ ಮಾಡಿ. ಈ ಪಾಲಿಸಿಯಲ್ಲಿ ಮಾನಸಿಕ ಕಾಯಿಲೆಗೆ ಇದೆಯಾ, ಸೇರಿದರೆ ಮಾತ್ರವಾ ಬಂದು ಹೋದರೂ ಸಿಗುತ್ತಾ, ಈ ಆಸ್ಪತ್ರೆ, ಈ ಸೈಕಾಲಜಿಸ್ಟ್ ಅವರಿಗೆ ಒಪ್ಪಿಗೆಯಾ ಅಂತ ಕೇಳಿ, ಉತ್ತರ ಹೇಳಿದವರ ಹೆಸರು ಬರೆದಿಟ್ಟುಕೊಳ್ಳಿ. ಹೋದ ವರ್ಷ ಇಲ್ಲದ್ದು ಈ ವರ್ಷ ಇರಬಹುದು.

ಹೊಸ ಫಾರಂ ತುಂಬಲು ಕೂತಾಗ ಮಾಬುನ್ನಿ ಮತ್ತೆ ಅಡ್ಡ ಬಂದಳು. "ಯವ್ವಾ, ನಾಜ್ನೀನ್..." ಅಂತ ಶುರು ಮಾಡಿದಳು. ಖಾಸೀಂ ಅವಳ ಭುಜ ಹಿಡಿದು ಹೇಳಿದ, "ಅಮ್ಮಾ, ನಾಜ್ನೀನ್‌ಗೆ ಈ ಗಂಡಿನೋರು ಅಲ್ಲಾಂದ್ರ ಇನ್ನೊಬ್ರು ಸಿಗ್ತಾರ. ಈ ಕೂಸಿಗೆ ತಾಯಿನ ಎಲ್ಲಿಂದ ತರ್ತಿ?" ಮುದುಕಿ ಗೋಡೆಗೆ ಒರಗಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳೂ ಕೆಟ್ಟವಳಲ್ಲ. ಹೆದರಿದವಳು.

ಬಸವರಾಜ ಸಾರ್ ಕೆಂಡವಾದರು. "ಮೊನ್ನೆ ಹೊಟ್ಟೆನೋವು, ಇವತ್ತು ಇದಾ? ಹಳೇದು ಸುಳ್ಳಂತ ನಾವೇ ಒಪ್ಪಿಕೊಂಡ್ರೆ ಆಸ್ಪತ್ರೆಯನ್ನೇ ಪಟ್ಟಿಯಿಂದ ಕಿತ್ತು ಹಾಕ್ತಾರೆ!"

"ಆಸ್ಪತ್ರೆ ಬರೆದಿಲ್ಲ ಸಾರ್, ನಾನು ಬರೆದಿದ್ದು" ಅಂದೆ. ನನ್ನ ಹೆಸರಲ್ಲೇ ಕಂಪನಿಗೆ ಪತ್ರ ಬರೆದೆ: ಸೋಮವಾರದ ಫಾರಂನಲ್ಲಿ ರೋಗದ ಹೆಸರು ತಪ್ಪಾಗಿ ತುಂಬಿದ್ದು ನಾನು, ಡಾಕ್ಟರ ಅಸಲಿ ಚೀಟಿ ಲಗತ್ತಿಸಿದ್ದೇನೆ, ರೋಗಿಯ ಮನೆಯವರದು ಏನೂ ತಪ್ಪಿಲ್ಲ. ಕಂಪನಿಯವರು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಮೊದಲ ಸಲದ ಖರ್ಚನ್ನು ಆಸ್ಪತ್ರೆ ವಾಪಸ್ ಕೊಡಬೇಕಾಯಿತು. ಎರಡನೆಯದು ಮಂಜೂರಾಯಿತು, ಅದರ ಮೇಲೆ ರೋಗದ ಖರೇ ಹೆಸರೇ ಇತ್ತು. ನನ್ನನ್ನು ಕೌಂಟರಿನಿಂದ ತೆಗೆದು ಹಳೇ ಫೈಲುಗಳ ಕೋಣೆಗೆ ಹಾಕಿದರು. ಉಳಿದ ನೌಕರಿಯನ್ನು ಅಲ್ಲೇ ಧೂಳು ಹೊಡೆಯುತ್ತಾ ಮುಗಿಸಿದೆ. ದೂರಿಲ್ಲ.

ಶಮೀಮ್ ಹದಿನೈದು ದಿನ ಇದ್ದಳು. ಆಮೇಲೆ ಪ್ರತಿ ಬುಧವಾರ ಸಿರುಗುಪ್ಪದಿಂದ ಬಸ್ಸಿನಲ್ಲಿ ನಿರ್ಮಲಾ ಮೇಡಂ ಹತ್ತಿರ ಬಂದು ಹೋಗುತ್ತಿದ್ದಳು. ನಾನು ದೂರದಿಂದ ನೋಡಿ ತಪ್ಪಿಸಿಕೊಳ್ಳುತ್ತಿದ್ದೆ. ಯಾವ ಮುಖ ಹೊತ್ತು ಎದುರಿಗೆ ನಿಲ್ಲಲಿ?

ಐದಾರು ತಿಂಗಳ ಮೇಲೆ ಒಂದು ಬುಧವಾರ ಅವಳೇ ಹುಡುಕಿಕೊಂಡು ಫೈಲಿನ ಕೋಣೆಗೆ ಬಂದಳು. ಮೈಕೈ ತುಂಬಿಕೊಂಡಿದ್ದಳು. ಸೊಂಟದ ಮೇಲಿನ ಕೂಸು ಅವಳ ಕಿವಿಯೋಲೆ ಹಿಡಿದು ಜಗ್ಗುತ್ತಿತ್ತು, "ಏ, ಬಿಡಲೇ" ಅಂತ ನಗುತ್ತಿದ್ದಳು. ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಕೈಮುಗಿದು, "ನಿನ್ನನ್ನ ಕೊಂದುಬಿಡ್ತಿದ್ದೆ ನಾನು. ಕ್ಷಮಿಸವ್ವಾ" ಅಂದೆ.

ಬೈಯುತ್ತಾಳೆ ಅಂತ ಕಾದೆ. ಅವಳು ಸ್ಟೂಲಿನ ಮೇಲೆ ಕೂತು, ಕೂಸಿನ ಕೈಯಿಂದ ಓಲೆ ಬಿಡಿಸಿಕೊಂಡು, ನಿಧಾನಕ್ಕೆ ಹೇಳಿದಳು:

"ನಿಮಗೊಂದು ಹೇಳ್ಬೇಕಿತ್ತು ಅಕ್ಕಾ. ಆ ಬುಧವಾರ ಡಾಕ್ಟ್ರು ಬಂದು ನನ್ನ ಹೊಟ್ಟಿ ಒತ್ತಿ ಒತ್ತಿ ನೋಡಿದ್ರು. ನೋವೈತೇನಮ್ಮಾ ಅಂದ್ರು. ಇಲ್ರಿ ಅಂದೆ. ಹಂಗಾದ್ರ ನಿಮಗೇನೂ ಆಗಿಲ್ಲ, ಆರಾಮ ಅದೀರಿ, ಮನಿಗೆ ಹೋಗ್ರಿ ಅಂದ್ರು. ಅಲ್ಲೀತನಕ ನನಗ ಏನೋ ರೋಗ ಬಂದೈತಿ, ಯಾರರ ವಾಸಿ ಮಾಡ್ತಾರ ಅಂತಿದ್ದೆ. ಏನೂ ಆಗಿಲ್ಲ ಅಂತ ಅಷ್ಟು ದೊಡ್ಡ ಆಸ್ಪತ್ರ್ಯಾಗ ಹೇಳಿದ ಮ್ಯಾಲೆ, ಇದು ರೋಗ ಅಲ್ಲ, ಹೆತ್ತ ಕೂಸಿನ ಮ್ಯಾಲೆ ಮನಸ್ಸಿಲ್ಲದ ಕೆಟ್ಟ ಹೆಂಗಸು ನಾನು ಅಂತ ತಿಳಕಂಡೆ. ಅದಕ್ಕs ಕಾಲುವಿಗೆ ಹೋದೆ."